ಗೋಡೆ ಕಡೆಯ ಬಿಳಿ ರಾಜ

ಎಡ ಮೊಣಕಾಲು ಕುಂಬಳಕಾಯಿಯಂತೆ ಊದಿಕೊಳ್ಳದೆ ಹೋಗಿದ್ದರೆ ದರ್ಜಿಯವರು ಕೊನೆಯವರೆಗೂ ತಮ್ಮನ್ನು ಚದುರಂಗದ ಮಹಾರಥಿ ಎಂದೇ ನಂಬಿಕೊಂಡು ಹಾಯಾಗಿರುತ್ತಿದ್ದರು.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಮುಂದೆ ಕಿಟಕಿ, ಅದಕ್ಕೊತ್ತಿಕೊಂಡು ದರ್ಜಿಯವರ ಹೊಲಿಗೆ ಯಂತ್ರ. ಹಿಂದಿನ ಕತ್ತಲ ಮೂಲೆಯಲ್ಲಿ ಇಸ್ತ್ರಿ ಮೇಜು. ಅಲ್ಲಿ ಅವರ ಹೆಂಡತಿಯ ತಮ್ಮ ದಿನವಿಡೀ ಬೇಯುತ್ತಿದ್ದ. ನಡುವೆ ಬಟ್ಟೆ ಕತ್ತರಿಸುವ ಮೇಜು, ಅಲ್ಲಾಡದಂತೆ ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದು. ಅದರ ಒಂದು ತುದಿಯಲ್ಲಿ ದರ್ಜಿಯವರೇ ಮಸಿಯಿಂದ ಅರವತ್ತನಾಲ್ಕು ಮನೆ ಬರೆದಿದ್ದರು. ಕಳೆದುಹೋದ ಕರಿ ಒಂಟೆಯ ಬದಲಿಗೆ ಕೋಟಿನ ದೊಡ್ಡ ಗುಂಡಿಯೊಂದು ಯುದ್ಧ ಮಾಡುತ್ತಿತ್ತು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಒಂದಾಟ. ಗೆದ್ದವನಿಗೆ ಮುಂದಿನ ವಾರವೆಲ್ಲ ಕಿಟಕಿ ಪಕ್ಕದ ಜಾಗ. ಗೋಡೆ ಕಡೆ ಕೂತವನಿಗೆ ಬಿಳಿ ಕಾಯಿ. ಗೋಡೆ ಕಡೆ ಕೂರುವವರು ದರ್ಜಿಯವರು. ಈ ಕಾಯಿದೆಗಳನ್ನೆಲ್ಲ ಮಾಡಿದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಕಿಟಕಿ ಒಂದೇ ಒಂದು ವಾರ ಕೈತಪ್ಪಿತ್ತು. ಅದೂ ಮೊಟ್ಟಮೊದಲ ವಾರ. ಅದನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

“ನಿನ್ನ ಬಿಸಿಯೆಲ್ಲ ಇಸ್ತ್ರಿಪೆಟ್ಟಿಗೇಲೇ ಖರ್ಚಾಗೋಯ್ತು ಕಣೋ, ತಲೆಗೆ ಏನೂ ಉಳಿಯಲಿಲ್ಲ,” ಎಂದು ಪ್ರತಿ ಶನಿವಾರವೂ ಗೆದ್ದ ಮೇಲೆ ಹೇಳುವುದು ವಾಡಿಕೆ. ಭಾವಮೈದುನ ತಲೆ ಕೆರೆದುಕೊಂಡು ಮೂಲೆಗೆ ಹೋಗುವುದೂ ವಾಡಿಕೆ.

ಆ ಶನಿವಾರ ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕುಂಬಳಕಾಯಿ ಹಿಡಿಸಲಿಲ್ಲ.

“ನೀವು ಆಚೆ ಕಡೆ ಕೂತ್ಕೊಳ್ಳಿ ಭಾವ. ಇವತ್ತೊಂದಿನ ನಾನೇ ನೀವಾಗ್ತೀನಿ,” ಎಂದ ಭಾವಮೈದುನ.

ನಿಜಕ್ಕೂ ಆಗಿಬಿಟ್ಟ. ಗಂಟಲು ಸರಿಮಾಡಿಕೊಂಡ. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿದ. ಬಿಳಿ ರಾಜನನ್ನು ಮೂಲೆಗೆ ಒಯ್ದು, ಮೂರು ಕಾಲಾಳುಗಳ ಹಿಂದೆ ಮುಚ್ಚಟೆಯಾಗಿ ಕೂರಿಸಿ, ಎರಡೂ ಆನೆಗಳನ್ನು ದಂಡಯಾತ್ರೆಗೆ ಅಟ್ಟಿದ. “ಇದಪ್ಪಾ ಕೋಟೆ ಅಂದ್ರೆ!” ಎಂದು ಭಾವನ ದನಿಯಲ್ಲೇ ಹೇಳಿದ. ಪಕ್ಕದಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ ಅಕ್ಕ ಮುಖ ತಿರುಗಿಸಿಕೊಂಡು ನಕ್ಕಳು.

ದರ್ಜಿಯವರೂ ನಕ್ಕರು. ಕೈ ಅಭ್ಯಾಸಬಲದಿಂದ ಬಿಳಿ ಕುದುರೆಗೆ ಹೋಗಿ, “ಭಾವ, ಅದು ನಂದು” ಎನ್ನಿಸಿಕೊಂಡಿತು. ಆಮೇಲೆ ಹಲಗೆಯನ್ನು ಸರಿಯಾಗಿ ನೋಡಿದರು. ನಗು ಅರ್ಧದಲ್ಲೇ ನಿಂತಿತು.

ಅವರ ಕೋಟೆ! ಹದಿನಾಲ್ಕು ವರ್ಷ ಮೀಸೆ ತಿರುವಿದ್ದ ಕೋಟೆ! ಗೋಡೆ ಕಡೆಯಿಂದ ಬಂಡೆಯಂತೆ ಕಾಣುತ್ತಿದ್ದದ್ದು ಈ ಕಡೆಯಿಂದ ನೋಡಿದರೆ, ಮುಂಬಾಗಿಲಿಗೆ ಮೂರು ಅಗುಳಿ ಹಾಕಿ ಹಿತ್ತಲ ಬಾಗಿಲನ್ನು ಹಾರುಹೊಡೆದಿಟ್ಟ ಮನೆ. ಕರಿ ಆನೆ ನೇರ ಕೆಳಗಿಳಿದು ಕೊನೆಯ ಸಾಲಿನಲ್ಲಿ ನಿಂತರೆ ಸಾಕು, ರಾಜನಿಗೆ ಓಡಲು ಜಾಗವಿಲ್ಲ. ಅವನದೇ ಮೂವರು ಕಾಲಾಳುಗಳು ದಾರಿಗಡ್ಡ. ಒಂದೇ ನಡೆ. ಕಣ್ಣು ಮುಚ್ಚಿಕೊಂಡು ಆಡಬಹುದು.

ಈ ಸ್ಟೂಲಿನ ಮೇಲೆ ಕೂತವನಿಗೆ ಅದು ಕಾಣದೇ ಇರಲು ಸಾಧ್ಯವೇ ಇಲ್ಲ.

ದರ್ಜಿಯವರು ತಲೆಯೆತ್ತಿದರು. ಕಿಟಕಿಯ ಬೆಳಕು ಭಾವಮೈದುನನ ಮುಖದ ಮೇಲೆ ನೇರ ಬಿದ್ದಿತ್ತು. ಅವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಯಾವಾಗ? ಮುಂಗೈ ತುಂಬ ಸುಟ್ಟ ಕಲೆಗಳು. ಯಾವಾಗ?

“ಏನೋ ಇದು?”

“ಏನು ಭಾವ?”

“ಈ ಆನೆ... ಎಷ್ಟು ಸಲ ಕಂಡಿತ್ತು ನಿನಗೆ?”

ಅವನು ಅಕ್ಕನ ಮುಖ ನೋಡಿದ. ಅಕ್ಕ ದಾರ ಕಡಿದಳು.

“ಪ್ರತಿ ಶನಿವಾರ,” ಎಂದ.

“ನಿನಗೂ ಗೊತ್ತಿತ್ತೇನೆ?” ದರ್ಜಿಯವರು ಹೆಂಡತಿಯತ್ತ ತಿರುಗಿದರು.

“ಗಿರಾಕಿಗಳಿಗೂ ಗೊತ್ತು ರೀ. ಪ್ಯಾಂಟಿನ ಅಳತೆ ಕೊಡೋಕೆ ಬಂದಿದ್ದ ಮೇಷ್ಟ್ರು ಒಂದ್ಸಲ ಬಾಯಿಬಿಡೋಕೆ ಹೋದ್ರು. ನಾನೇ ಕಣ್ಣು ಬಿಟ್ಟು ಸುಮ್ಮನಿರಿಸಿದೆ.”

ದರ್ಜಿಯವರಿಗೆ ಊದಿದ ಮೊಣಕಾಲೇ ಮರೆತುಹೋಯಿತು. ಊರಿಗೆ ಊರೇ ಕಂಡದ್ದು ತಮಗೊಬ್ಬರಿಗೆ ಕಂಡಿರಲಿಲ್ಲ!

“ಯಾಕೋ? ಆ ಮೂಲೇಲಿ ಬೇಯೋಕೆ ನಿನಗೇನು ಹರಕೆನಾ?”

“ಮೊದಲನೇ ವಾರ ನಾನು ಗೆದ್ದಿದ್ದೆ, ನೆನಪಿದೆಯಾ ಭಾವ? ಆ ವಾರ ನೀವು ಮೂಲೇಲಿ ಕೂತು ಕರಿ ಕೋಟಿಗೆ ಕಡುನೀಲಿ ತೋಳು ಹೊಲಿದ್ರಿ. ಒಂದು ತೋಳು. ಅದನ್ನ ಹಾಕ್ಕೊಂಡು ಆಯಪ್ಪ ಮದುವೆಗೆ ಹೋಗಿದ್ದ. ನಿಮ್ಮ ಸೂಜಿಗೆ ಬೆಳಕು ಬೇಕು. ನನ್ನ ಇಸ್ತ್ರಿಪೆಟ್ಟಿಗೆಗೆ ಕಣ್ಣೆಲ್ಲಿದೆ?”

ದರ್ಜಿಯವರು ಮತ್ತೆ ಹಲಗೆ ನೋಡಿದರು. ಈಗ ಆ ಆನೆಯನ್ನು ಇಳಿಸಿದರೆ ಕಿಟಕಿ ಮತ್ತೆ ತಮ್ಮದೇ. ಇನ್ನೂ ಒಂದು ವಾರ ಆ ಸುಟ್ಟ ಕೈಗಳು ಕತ್ತಲಲ್ಲಿ. ಅವರು ಆನೆಯನ್ನು ಎತ್ತಿ ಬಿಳಿ ಕುದುರೆಯ ಬಾಯಿಗೇ ಇಟ್ಟರು.

“ಹೊಡಿ.”

“ಕಾಣಿಸಲಿಲ್ಲ ಭಾವ,” ಎಂದು ಅವನು ಒಂದು ಕಾಲಾಳನ್ನು ತಳ್ಳಿದ.

“ಇನ್ನೂ ನಾಟಕ ಆಡ್ತೀಯಾ? ಹೊಡಿಯೋ!”

ಆಮೇಲೆ ನಡೆದದ್ದು ಯಾವ ಹಲಗೆಯ ಮೇಲೂ ನಡೆದಿರಲಾರದು. ಇಬ್ಬರೂ ಹಟಕ್ಕೆ ಬಿದ್ದು ಸೋಲತೊಡಗಿದರು. ಮಂತ್ರಿಯನ್ನು ಎದುರಾಳಿ ರಾಜನ ಮೂಗಿನ ಮುಂದೆ ತಂದು ನಿಲ್ಲಿಸಿ “ಚೆಕ್” ಎನ್ನುವುದು. ಕೊಲ್ಲದೆ ಗತಿಯಿಲ್ಲದ ರಾಜ ಶಪಿಸುತ್ತ ಕೊಲ್ಲುವುದು. ಕೋಟಿನ ಗುಂಡಿ ಕೂಡ ವೀರಮರಣ ಹೊಂದಿತು. ಕೊನೆಗೆ ಹಲಗೆಯ ಮೇಲೆ ಉಳಿದವರು ಇಬ್ಬರೇ ರಾಜರು, ಒಬ್ಬರಿಗೊಬ್ಬರು ಏನೂ ಮಾಡಲಾಗದೆ.

ಇದಕ್ಕೆ ದರ್ಜಿಯವರ ಕಾಯಿದೆಯಲ್ಲಿ ಉತ್ತರವಿರಲಿಲ್ಲ. ಹೆಂಡತಿ ಎದ್ದಳು. “ಇಸ್ತ್ರಿ ಮೇಜಿಗೆ ಯಾರೂ ಮೊಳೆ ಹೊಡೆದಿಲ್ಲವಲ್ಲ. ಹಿಡೀರಿ ಒಂದು ಕೈ.”

ಮೂವರೂ ಅದನ್ನು ಕಿಟಕಿಯ ಬಳಿಗೆ ಎಳೆದರು. ಯಂತ್ರಕ್ಕೂ ಮೇಜಿಗೂ ಒಂದು ಗೇಣು ಅಂತರ. ಅಂದಿನಿಂದ ದರ್ಜಿಯವರ ಬಲಗಿವಿಗೆ ಸದಾ ಬಿಸಿ ಹಬೆ. ದೂರಿಕೊಳ್ಳುವ ಮುಖವಂತೂ ಇರಲಿಲ್ಲ.

ಬುಧವಾರದ ಹೊತ್ತಿಗೆ ಊತ ಇಳಿದಿತ್ತು. ಆದರೂ ಮುಂದಿನ ಶನಿವಾರ ಅವರು ನರಳುತ್ತ, ಕುಂಟುತ್ತ ಬಂದು ಗೋಡೆ ಕಡೆಯ ಸ್ಟೂಲನ್ನು ದಾಟಿ, ಆಚೆ ಕಡೆ, ಕರಿ ಕಾಯಿಗಳ ಹಿಂದೆ ಕೂತರು.

“ರೀ,” ಎಂದಳು ಹೆಂಡತಿ ಗುಂಡಿಯಿಂದ ಕಣ್ಣೆತ್ತದೆ, “ನೋವಿದ್ದದ್ದು ಎಡಗಾಲು.”