ಹೊನ್ನವ್ವನಿಗೆ ಕಚ್ಚಿದ ಹಾವು

ಮಸೂತಿ ಎಂಬ ಊರಿನ ಹೊನ್ನವ್ವ ಯಾರನ್ನೂ ಸುಲಭವಾಗಿ ನಂಬಿದವಳಲ್ಲ. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಇಬ್ಬರು ಮಕ್ಕಳನ್ನು ಒಬ್ಬಳೇ ಕಾಯ್ದುಕೊಂಡು ಬಂದಿದ್ದಳು. ಬದುವಿನ ಕಲ್ಲು ಸರಿಸುವ ಮೈದುನರನ್ನೂ ತೂಕದಲ್ಲಿ ಹೊಡೆಯುವ ವ್ಯಾಪಾರಿಗಳನ್ನೂ ಕಂಡಿದ್ದಳು. ಮಗ ಪರಪ್ಪನಿಗೆ ಸಿಂದಗಿಯಿಂದ ಓದಿದ ಹುಡುಗಿ ವಿದ್ಯಾವತಿಯನ್ನು ತಂದಾಗ, ಇವಳೇಕೆ ಇಷ್ಟು ಮೆತ್ತಗೆ ಮಾತಾಡುತ್ತಾಳೆ ಎಂಬುದೇ ಅವಳ ಮೊದಲ ಅನುಮಾನ.

೨೦೦೩ರ ಮಳೆಗಾಲದಲ್ಲಿ ಒಲೆಗೆಂದು ಕೂಡಿಟ್ಟ ಕುಳ್ಳಿನ ರಾಶಿಯ ಹಿಂದೆ ಹಾವೊಂದು ಕಾಣಿಸಿತು. ಕಂದು ಮೈ, ಬಿಳಿ ಪಟ್ಟೆ. ಹೊನ್ನವ್ವ ಕೋಲು ಎತ್ತಿದರೆ ಸೊಸೆ ತಡೆದಳು.

"ಬಿಡ್ರಿ ಅತ್ತಿ, ಇದಕ್ಕ ವಿಷ ಇಲ್ಲ. ಹಲ್ಲಿ ತಿಂದು ಇರತೈತಿ. ಅಮೆರಿಕಾದ ಕಾಡಿನ್ಯಾಗ ಬರೇ ಬಸವನಹುಳ ತಿಂದು ಬದುಕೂ ಹಾವು ಅದಾವ, ಟೀವ್ಯಾಗ ನೋಡೇನಿ. ಯಾರಿಗೂ ಏನೂ ಮಾಡೂದಿಲ್ಲಂತ."

"ಬಸವನ್ನ ತಿನ್ನೂ ಹಾವು ಸಾಧು ಅಂತೀಯೇನ?"

ಅಷ್ಟರಲ್ಲಿ ಹಾವು ಗೋಡೆಯ ಸಂದಿಗೆ ನುಸುಳಿತು. ಅಂದಿನಿಂದ ಹೊನ್ನವ್ವನಿಗೆ ಊಟ ರುಚಿಸಲಿಲ್ಲ. ದಿನಾ ಕುಳ್ಳು ತರಲು ಹೋಗುವವಳು ತಾನು. ಅಲ್ಲೇ ಹಾವು ಇರಲಿ ಎಂದವಳು ಸೊಸೆ. ಮಗಳು ಸುನಂದಾ ತವರಿಗೆ ಬಂದಾಗ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು: "ನಾ ಸತ್ರ ಯಾರಿಗೆ ಹಗುರ? ನೀನ ಹೇಳು."

ಒಂದು ಮುಂಜಾನೆ ಕುಳ್ಳಿಗೆ ಕೈ ಹಾಕಿದವಳು ಚೀರಿದಳು. "ಕಚ್ಚಿತಲೇ ನಿನ್ನ ಹಾವು!"

ವಿದ್ಯಾವತಿ ಓಡಿಬಂದು ಹಾವಿನ ಮೇಲೆ ಬೋಗುಣಿ ಮುಚ್ಚಿದಳು, ಹೇಗೋ ಡಬ್ಬಿಗೆ ಸೇರಿಸಿದಳು. ಹತ್ತಿರದಿಂದ ಆ ಪಟ್ಟೆ ನೋಡಿದಾಗ ಅವಳ ಧೈರ್ಯವೇ ಉಡುಗಿತು. ಜೀವ ತೆಗೆಯುವ ಕಟ್ಟುಹಾವಿಗೂ ಇಂಥವೇ ಪಟ್ಟೆ ಇರುತ್ತವಲ್ಲ!

"ಏಳ್ರಿ ಅತ್ತಿ, ಬಾಗೇವಾಡಿ ದವಾಖಾನಿಗೆ ಹೋಗೂಣು."

"ವಿಷ ಇಲ್ಲ ಅಂದಿದ್ದಿ? ಈಗ್ಯಾಕ ಗಾಬರಿ?"

ವಿದ್ಯಾವತಿ ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಪರಪ್ಪ ಹೊಲದಲ್ಲಿದ್ದ. ನೆರೆಮನೆಯ ನಬಿಸಾಬ ತನ್ನ ಟೆಂಪೊ ಹೊರಡಿಸಿದ. ದಾರಿಯಲ್ಲಿ ಹೊನ್ನವ್ವ ಸೊಸೆಯ ಕಿವಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಜ್ವಾಳ ತುಂಬಿಟ್ಟ ಗಳಿಗ್ಯಾಗ, ತಳದಾಗ, ನನ್ನ ಬಂಗಾರದ ಬೋರಮಾಳ ಸರ ಐತಿ. ಸುನಂದಾಗ ಕೊಡು. ನಿನಗಲ್ಲ."

"ಆತ್ರಿ ಅತ್ತಿ." ವಿದ್ಯಾವತಿ ಅಳುತ್ತಿದ್ದಳು. ಆ ಅಳುವೂ ಹೊನ್ನವ್ವನಿಗೆ ಅನುಮಾನವೇ.

ಡಾಕ್ಟರು ಡಬ್ಬಿ ನೋಡಿ ನಕ್ಕರು. "ತೋಳಹಾವು. ವಿಷ ಇಲ್ಲ. ಆದ್ರೂ ನಾಳಿ ತನಕ ಇಲ್ಲೇ ಇರ್ರಿ." ಬೆರಳು ಊದಲೂ ಇಲ್ಲ.

ಮರುದಿನ ಮರಳುವಾಗ ಹೊನ್ನವ್ವ ಕೇಳಿದಳು: "ನಿನ್ನಿ ಹಾದ್ಯಾಗ ನಾ ಏನರ ಅಂದ್ನೇನ?"

"ಇಲ್ರಿ ಅತ್ತಿ, ನನಗೇನೂ ಕೇಳಿಸಲಿಲ್ಲ."

ಹೊನ್ನವ್ವ ಅವಳ ಮುಖವನ್ನೇ ದಿಟ್ಟಿಸಿದಳು. ಮನೆ ಮುಟ್ಟಿದ್ದೇ ಸೊಸೆಯನ್ನು ನೀರಿಗೆ ಕಳಿಸಿ ಸರದ ಜಾಗ ಬದಲಿಸಿದಳು.

ಸಂಜೆ ವಿದ್ಯಾವತಿ ಹಾವು ಬಿಡಲು ಹಳ್ಳದ ಕಡೆ ಹೊರಟಳು. ಹೊನ್ನವ್ವ ಹಿಂದೆಯೇ ನಡೆದಳು, ನಿಜವಾಗಿ ಬಿಡುತ್ತಾಳೋ ಇಲ್ಲವೋ ಎಂದು. "ಇನ್ನೂ ಅತ್ತಾಗ ಹೋಗು... ಇನ್ನೂ ಅತ್ತಾಗ."

ಹಾವು ಮುಳ್ಳುಕಂಟಿಯೊಳಗೆ ಸರಿದು ಹೋಯಿತು.

"ಮತ್ತ ಮನಿ ಹಾದಿ ಹಿಡದ್ರ?"

"ಹಿಡೀಲಿಕ್ಕಿಲ್ರಿ."

"ಹಿಡೀಲಿಕ್ಕಿಲ್ಲೋ, ಹಿಡಿಯೂದಿಲ್ಲೋ? ಖರೇ ಹೇಳು."

ವಿದ್ಯಾವತಿ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. "ಗೊತ್ತಿಲ್ರಿ ಅತ್ತಿ."

ಸೊಸೆ ಬಂದಾಗಿನಿಂದ ಹೊನ್ನವ್ವ ನಂಬಿದ್ದು ಆ ಒಂದು ಮಾತನ್ನು.