ಅಪ್ಪನ ಕೆನ್ನೆ, ಹಿಂದಿನ ಪರದೆ

ಅಕ್ಕ ಸವದತ್ತಿಯಲ್ಲಿ ಹೊಸ ಮನೆ ಕಟ್ಟಿಸಿದಾಗ ಪಡಸಾಲೆಗೆ ಅಪ್ಪನ ದೊಡ್ಡ ಫೋಟೋ ಬೇಕೆಂದಳು. ಅಪ್ಪನದು ಇರುವುದೇ ಒಂದು ಫೋಟೋ. ಬೈಲಹೊಂಗಲದ ಸ್ಟುಡಿಯೋದಲ್ಲಿ ತೆಗೆಸಿ, ದೊಡ್ಡದು ಮಾಡಿಸಿ ನಮ್ಮ ಮನೆಯ ಗೋಡೆಗೆ ಹಾಕಿದ್ದು. ಕಪ್ಪು ಕೋಟು, ಹಣೆಗೆ ವಿಭೂತಿ, ಹಿಂದೆ ಬೂದು ಪರದೆ. ಈಗಿನ ಅಂಗಡಿಯವರು ಅದನ್ನು ಕಂಪ್ಯೂಟರಿಗೆ ಹಾಕಿ ಕೆನ್ನೆಯನ್ನು ನುಣ್ಣಗೆ ಮಾಡಿ ಕೊಟ್ಟರು. ನಾನು ತಕರಾರು ತೆಗೆದೆ. ಅಪ್ಪನಿಗೆ ಸಿಡುಬಿನ ಕಲೆಗಳಿದ್ದವು, ಅವನ್ನು ಅಳಿಸಿದರೆ ಅದು ಅಪ್ಪನೇ ಅಲ್ಲ ಎಂದೆ.

"ಸಿಡುಬು ಎಲ್ಲಿಂದ ತಂದ್ಯೋ ತಮ್ಮಾ? ಅಪ್ಪನ ಗಲ್ಲದ ಮ್ಯಾಲ ಒಂದ ಕಲಿ ಸುದ್ದಾ ಇರಲಿಲ್ಲ," ಅಂದಳು ಅಕ್ಕ.

ಅಪ್ಪ ತೀರಿಕೊಂಡಾಗ ಅಕ್ಕನಿಗೆ ಮದುವೆಯಾಗಿತ್ತು, ನಾನಿನ್ನೂ ಶಾಲೆಗೆ ಹೊಸಬ. ಅವಳ ಬಳಿ ಅಪ್ಪನ ನೆನಪು ರಾಶಿ ಇದೆ. ನನ್ನ ಬಳಿ ಇರುವುದು ಒಂದೇ: ಅಪ್ಪನ ತೊಡೆಯ ಮೇಲೆ ಕುಳಿತು ಕೆನ್ನೆಯ ಕುಳಿಗಳ ಮೇಲೆ ಬೆರಳಾಡಿಸಿದ್ದು. ಹಾಗೆಂದಾಗ ಅವಳು ನಕ್ಕು, ಯುನಿವರ್ಸಿಟಿಯಲ್ಲಿ ಕಲಿತವರಿಗೆ ಇಲ್ಲದ್ದೂ ಕೈಗೆ ಹತ್ತುತ್ತದೆ ಎಂದಳು. ನನಗೆ ನಗು ಬರಲಿಲ್ಲ. ಇದೊಂದು ಸುಳ್ಳಾದರೆ ನನ್ನ ಪಾಲಿಗೆ ಅಪ್ಪನೇ ಉಳಿಯುವುದಿಲ್ಲ.

ಫೋಟೋದ ನೆಗೆಟಿವ್ ನನ್ನ ಹತ್ತಿರವಿತ್ತು. ಧಾರವಾಡದಲ್ಲಿ ಓದುವಾಗ ಹತ್ತಿದ ಹವ್ಯಾಸದಿಂದ ಬೈಲಹೊಂಗಲದ ಮನೆಯ ಬಚ್ಚಲನ್ನೇ ಡಾರ್ಕ್‌ರೂಮ್ ಮಾಡಿಕೊಂಡಿದ್ದೇನೆ. ನೆಗೆಟಿವನ್ನು ಕಿಟಕಿಗೆ ಹಿಡಿದೆ. ಅದರ ಮೂಲಕ ಹೊರಗಿನ ಬೇವಿನ ಮರ ಕಾಣದಷ್ಟು ಫಿಲ್ಮ್ ದಟ್ಟವಾಗಿತ್ತು. ಆಗ ನಮ್ಮ ಕಡೆ ಫೋಟೋದಲ್ಲಿ ಮುಖ ಕಪ್ಪಗೆ ಬಂದರೆ ಜನ ಒಯ್ಯುತ್ತಿರಲಿಲ್ಲ. ಹೀಗಾಗಿ ಸ್ಟುಡಿಯೋದವರು ಕಪ್ಪಗಿದ್ದವರಿಗೆ ಕೈ ಬಿಚ್ಚಿ ಬೆಳಕು ಕೊಡುತ್ತಿದ್ದರು. ಬೆಳಕು ಹೆಚ್ಚಾದಷ್ಟೂ ಫಿಲ್ಮಿನಲ್ಲಿ ಬೆಳ್ಳಿಯ ಕಣಗಳು ಹೆಚ್ಚು ಗುಂಪುಗೂಡುತ್ತವೆ.

ಮುಖದಿಂದ ಕೋಟಿನ ಕಾಲರಿನವರೆಗಿನ ಭಾಗವನ್ನಷ್ಟೇ ದೊಡ್ಡದು ಮಾಡಿ ಕಾಗದದ ಮೇಲೆ ಇಳಿಸಿದೆ. ಕೆನ್ನೆಯ ತುಂಬ ಕುಳಿ! ನಾನೇ ಗೆದ್ದೆ ಎಂದುಕೊಂಡು ಲೆನ್ಸ್ ಹಿಡಿದು ನೋಡಿದೆ. ವಿಭೂತಿಯ ಪಟ್ಟಿಗಳಲ್ಲಿ ಒಂದು ಚುಕ್ಕೆಯೂ ಇಲ್ಲ. ನೆಗೆಟಿವಿನಲ್ಲಿ ಕಣಗಳು ಹೆಚ್ಚು ಕಿಕ್ಕಿರಿದದ್ದು ಅಲ್ಲೇ, ಆದರೆ ಕಾಗದ ಅಲ್ಲಿ ಬರೀ ಬಿಳಿಯಾಗಿ ಉಳಿದು ಅವನ್ನೆಲ್ಲ ಮುಚ್ಚಿಹಾಕಿತ್ತು. ಕೋಟಿನ ಕಪ್ಪಿನಲ್ಲೂ ಚುಕ್ಕೆಗಳಿಲ್ಲ. ಅಲ್ಲಿ ಫಿಲ್ಮ್ ತೆಳು, ಕಣಗಳೇ ಕಡಿಮೆ. ಒರಟುತನವೆಲ್ಲ ನಡುವಿನ ಬೂದು ಬಣ್ಣದಲ್ಲಿತ್ತು. ಹಾಗಾದರೆ ಕೆನ್ನೆಯಷ್ಟೇ ಬೂದಾಗಿರುವ ಹಿಂದಿನ ಪರದೆ? ಅದರ ಮೇಲೂ ಅವೇ ಕುಳಿಗಳು, ಅಷ್ಟೇ ದಪ್ಪ, ಅಷ್ಟೇ ಒತ್ತೊತ್ತು.

ಪರದೆಗೆ ಸಿಡುಬು ಬರುವುದಿಲ್ಲ. ಕುಳಿಗಳೆಂದು ಕಂಡದ್ದು ಫಿಲ್ಮಿನ ಕಣಗಳೇ.

ನನ್ನದು ಗೋಡೆಯ ಮೇಲಿನ ಫೋಟೋ ನೋಡಿ ಹುಟ್ಟಿದ ನೆನಪಿರಬೇಕು. ಕಣ್ಣು ಕಂಡದ್ದನ್ನು ಬೆರಳು ತನ್ನದೆಂದುಕೊಂಡಿದೆ. ಬಚ್ಚಲಿನ ಕೆಂಪು ಬೆಳಕಿನಲ್ಲಿ ಆ ಕಾಗದವನ್ನು ಒಣಗಲು ತೂಗುಹಾಕಿದೆ. ಆಮೇಲೆ, ಬೆಳ್ಳಗಾಗಲಿ ಎಂದು ಕೊಟ್ಟ ಬೆಳಕನ್ನು ವಾಪಸ್ ತೆಗೆದುಕೊಂಡರೆ ಏನಾದೀತು ಎನಿಸಿತು. ಇನ್ನೊಂದು ಕಾಗದಕ್ಕೆ ಬೆಳಕು ಬಹಳ ಹೊತ್ತು ಬಿಟ್ಟೆ; ಬೆಳಕು ಹೆಚ್ಚಾದಷ್ಟೂ ಕಾಗದ ಕಪ್ಪಾಗುತ್ತದೆ. ತಟ್ಟೆಯ ದ್ರಾವಣದಲ್ಲಿ ಮುಖ ನಿಧಾನವಾಗಿ ಮೂಡಿ, ಹಳೆಯ ಬೂದು ಬಣ್ಣ ದಾಟಿ, ಕಪ್ಪಿನತ್ತ ಸರಿಯಿತು. ಕುಳಿಗಳೆಲ್ಲ ಆ ಕಪ್ಪಿನೊಳಗೆ ಅಡಗಿದವು. ಕೆನ್ನೆ ಮಾತ್ರ ಉಳಿಯಿತು.

ಅದನ್ನು ಕಟ್ಟು ಹಾಕಿಸಿಕೊಂಡು ಸವದತ್ತಿಗೆ ಹೋದೆ. ಅಕ್ಕನ ಸೊಸೆ ನೋಡಿ, ಮಾಮಾ, ಬಾಳ ಕಪ್ಪ ಆಗೇತಲ್ರಿ ಎಂದಳು. ಅಕ್ಕ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು.

"ಕಪ್ಪಲ್ಲೇನ ಮತ್ತ? ಎರಿ ಹೊಲದ ಕರಿ ಮಣ್ಣಿನಂಗ ಇದ್ದ. ಈಗ ನಮ್ಮಪ್ಪ ಆದ ನೋಡು."

ಸಿಡುಬಿನ ಮಾತಿನಲ್ಲಿ ಸೋತೆನೆಂದು ಒಪ್ಪಿಕೊಂಡೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಸ್ವಲ್ಪ ಅಂಜುತ್ತಲೇ ಕೇಳಿದೆ, ತೊಡೆಯ ಮೇಲೆ ಕೂತಿದ್ದೂ ಸುಳ್ಳೇ ಇರಬೇಕಲ್ಲ?

"ಇಳಿಸಿದ್ರ ಓಣಿ ಕೇಳುವಂಗ ಅಳತಿದ್ದಿ," ಅಂದಳು, ಫೋಟೋದಿಂದ ಕಣ್ಣು ತೆಗೆಯದೆ. "ಒಂದ ಕೈಲೆ ನಿನ್ನ ಹಿಡಕೊಂಡ ಊಟಾ ಮಾಡ್ತಿದ್ದ ಪಾಪ."

ಈ ಮಾತಿಗೆ ನನ್ನಲ್ಲಿ ನೆಗೆಟಿವ್ ಇಲ್ಲ, ಲೆನ್ಸ್ ಹಿಡಿದು ನೋಡುವಂತೆಯೂ ಇಲ್ಲ. ಬೇಕೆನಿಸಲೂ ಇಲ್ಲ. ಸೊಸೆಗೆ ಹೇಳಿ ಸುತ್ತಿಗೆ, ಮೊಳೆ ತರಿಸಿದೆ.