ಬೋರ್ಡಿನ ಬಣ್ಣ ಒಣಗುವ ಮೊದಲೇ

ಇವತ್ತು ನಿಪ್ಪಾಣಿಯ ನನ್ನ ಖಾನಾವಳಿಯಲ್ಲಿ ಆದದ್ದನ್ನು ಕೇಳಿ ದೋಸ್ತರೇ, ನನಗಿನ್ನೂ ತಲೆ ತಿರುಗುತ್ತಿದೆ. ರೊಟ್ಟಿ ಬಡಿಯುವ ಕಸ್ತೂರವ್ವ ಬೆಳಿಗ್ಗೆ ಬಂದವಳೇ, "ಅಣ್ಣಾರ, ಎಲ್ಲಾ ತುಟ್ಟಿ ಆಗೇತ್ರಿ. ಪಗಾರ ಏರಸ್ರಿ, ಇಲ್ಲಾಂದ್ರ ಹಿಟ್ಟಿಗೆ ಕೈ ಹಚ್ಚಂಗಿಲ್ಲ" ಎಂದಳು. ರೊಟ್ಟಿಯಿಲ್ಲದೆ ಖಾನಾವಳಿ ನಡೆಯುತ್ತದೆಯೇ? ಏರಿಸಿದೆ. ಆ ಖರ್ಚು ಹುಟ್ಟಬೇಕಲ್ಲ, ಪೇಂಟರ್‌ನನ್ನು ಕರೆಸಿ ಬೋರ್ಡಿನ ಮೇಲೆ ಊಟದ ದರವನ್ನೂ ಏರಿಸಿ ಬರೆಸಿದೆ.

ಮಧ್ಯಾಹ್ನ, ದಿನಾ ಇಲ್ಲೇ ಉಣ್ಣುವ ಟಂಟಂ ರಿಕ್ಷಾ ಡ್ರೈವರ್ ದಸ್ತಗೀರ ಬೋರ್ಡು ನೋಡಿ ಗರಬಡಿದವನಂತೆ ನಿಂತ. ಆದರೆ ಜಗಳ ತೆಗೆಯಲಿಲ್ಲ. ಸುಮ್ಮನೆ ಉಂಡು, ದುಡ್ಡು ಕೊಟ್ಟು ಹೋದ. ಒಳ್ಳೆಯ ಮನುಷ್ಯ ಅಂದುಕೊಂಡೆ.

ಸಂಜೆ ತನ್ನೂರು ಭೋಜಕ್ಕೆ ಹೊರಟಿದ್ದ ಕಸ್ತೂರವ್ವ ಸ್ಟ್ಯಾಂಡಿನಿಂದಲೇ ತಿರುಗಿ ಬಂದಳು.

"ಅಣ್ಣಾರ, ಭೋಜಕ್ಕ ಹೋಗೋ ಟಂಟಂ ತುಟ್ಟಿ ಮಾಡ್ಯಾನ್ರಿ ದಸ್ತಗೀರ! ಯಾಕೋ ಅಂದ್ರ, ಖಾನಾವಳ್ಯಾಗ ಊಟ ತುಟ್ಟಿ ಆಗೇತಿ ಅಂತಾನ. ನೀವು ಮುಂಜಾನೆ ಏರಿಸಿದ್ದು ಹೋಗಿ ಬರೂದಕ್ಕ ಸರಿಹೋತು. ಇನ್ನಷ್ಟು ಏರಸ್ರಿ!"

ನಾನು ಬೋರ್ಡಿನ ಹತ್ತಿರ ಹೋದೆ. ಬೋರ್ಡು ಮುಟ್ಟಿದರೆ ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು.

ನಾಳೆಯಿಂದ ದರವನ್ನು ಸೀಮೆಸುಣ್ಣದಲ್ಲಿ ನಾನೇ ಬರೆಯುತ್ತೇನೆ. ಯಾಕೆಂದರೆ ಆ ಪೇಂಟರ್ ಕೂಡ ಇಲ್ಲೇ ಉಣ್ಣುತ್ತಾನೆ.